ಕೊನೆಗಾರರ ಅಂಗಾಲು

ಕೊನೆಗಾರರು ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ, ಬಯಲುಸೀಮೆಯ ಓದುಗರಿಗಾಗಿ ಹೇಳುತ್ತಿದ್ದೇನೆ. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಮರದ ತುದಿಗೆ ಏರಿ, ಕೊನೆ ಕೊಯ್ದಾದ ಮೇಲೆ ಕೆಳಗಿಳಿಯದೆ ಮರವನ್ನೇ ತೂಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಅಂಥವರೊಬ್ಬರು ನನ್ನ ಕ್ಲಿನಿಕ್ಕಿನ ಮೂರು ಮೆಟ್ಟಿಲು ಹತ್ತಲು ಹೆಂಡತಿಯ ಹೆಗಲು ಹಿಡಿದುಕೊಂಡಿದ್ದರು. ವಯಸ್ಸು 43. ಒಳಗೆ ಬಂದು ಕುಳಿತವರು ಏಳುವಾಗ ಎರಡೂ ಅಂಗೈಗಳನ್ನು ತೊಡೆಗೆ ಊರಿ, ತಮ್ಮ ಮೈಯನ್ನೇ ತಾವು ಹತ್ತುವಂತೆ ಎದ್ದರು. ನಡೆದರೆ ಬಾತುಕೋಳಿಯ ಹಾಗೆ ಅತ್ತಿತ್ತ ವಾಲುತ್ತಿದ್ದರು. ಪ್ಯಾಂಟಿನ ತುದಿಯನ್ನು ಎರಡು ಮಡಿಕೆ ಮಡಚಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಮೊದಲು ಸರಿಯಾಗಿಯೇ ಇತ್ತು ಸಾರ್, ಈಗ ನೆಲಕ್ಕೆ ತಾಗುತ್ತದೆ" ಎಂದರು ಹೆಂಡತಿ. ಪ್ಯಾಂಟು ಬೆಳೆಯುವುದಿಲ್ಲವಲ್ಲ. ಗೋಡೆಗೆ ನಿಲ್ಲಿಸಿ ಅಳೆದೆ. ಹಳೆಯ ಚಾಲನಾ ಪರವಾನಗಿ ಮಾಡಿಸುವಾಗ ಬರೆಸಿದ್ದ ಎತ್ತರಕ್ಕಿಂತ ಆರು ಸೆಂಟಿಮೀಟರ್ ಕಡಿಮೆಯಾಗಿದ್ದರು.

ಹೆಸರು ಬರೆಯುವುದಿಲ್ಲ. ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಒಂದಕ್ಕಿಂತ ಹೆಚ್ಚು ರೋಗಿಗಳ ಚಹರೆ ಇಲ್ಲಿ ಒಬ್ಬರಲ್ಲಿ ಸೇರಿಕೊಂಡಿದೆ. ರೋಗದ ನಡೆ, ರಕ್ತದ ಅಂಕಿಗಳು ಈ ಕಾಯಿಲೆಯಲ್ಲಿ ಕಾಣುವಂಥವೇ.

ಬಟ್ಟೆ ಅಂಗಡಿಯ ಚೀಲವೊಂದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮೂರೂವರೆ ವರ್ಷದ ಕಾಗದಗಳು. ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದುತ್ತ ಹೋದೆ. ಶುರುವಾದದ್ದು ಸೊಂಟದಲ್ಲಿ. ಉಳುಕು ತೆಗೆಯುವವರ ಬಳಿ ಹೋಗಿ ಎಣ್ಣೆ ತಿಕ್ಕಿಸಿಕೊಂಡು ಬಂದಿದ್ದರು, ಅದಕ್ಕೆ ಕಾಗದವಿರಲಿಲ್ಲ. ಆಮೇಲೆ ಹಿಮ್ಮಡಿ, ಪಕ್ಕೆಲುಬು, ತೊಡೆಸಂದು. ಆ ವರ್ಷ ಊರಿನಲ್ಲಿ ಚಿಕೂನ್‌ಗುನ್ಯಾ ಹಬ್ಬಿತ್ತು, ಅದರ ಉಳಿಕೆ ನೋವು ಎಂದರು ಒಬ್ಬರು. ಎಂಆರ್‌ಐಯಲ್ಲಿ ಬೆನ್ನಿನ ಡಿಸ್ಕ್ ಸ್ವಲ್ಪ ಉಬ್ಬಿತ್ತು. ನಲವತ್ತು ದಾಟಿದ, ದುಡಿಯುವ ಬೆನ್ನನ್ನು ಎಂಆರ್‌ಐಗೆ ಹಾಕಿದರೆ ಡಿಸ್ಕ್ ಉಬ್ಬಿರದೆ ಇನ್ನೇನು ಕಾಣುತ್ತದೆ? ಮುಂದೆ ಇನ್ನೊಬ್ಬರು ಬೆನ್ನುಮೂಳೆಯ ಸಂಧಿವಾತವೆಂದು ಎಂಟು ತಿಂಗಳು ಸಲ್ಫಾಸಲಜೀನ್ ಕೊಟ್ಟಿದ್ದರು. ಆ ಸಂಧಿವಾತವಿದ್ದವರಲ್ಲಿ ಸಾಮಾನ್ಯವಾಗಿ ಪಾಸಿಟಿವ್ ಬರುವ ಎಚ್‌ಎಲ್‌ಎ-ಬಿ27 ಪರೀಕ್ಷೆ ನೆಗೆಟಿವ್ ಎಂಬ ಚೀಟಿ ಅದರ ಹಿಂದೆಯೇ ಪಿನ್ನಿಗೆ ಸಿಕ್ಕಿತ್ತು.

ನಂತರದ್ದು ಡೆಕ್ಸಾ ಸ್ಕ್ಯಾನ್. ಮೂಳೆಯ ಸಾಂದ್ರತೆ ತೀರಾ ಕಡಿಮೆ, ಆಸ್ಟಿಯೋಪೊರೋಸಿಸ್ ಎಂದು ವರದಿ. ಅದರ ಆಧಾರದ ಮೇಲೆ ಝೋಲೆಡ್ರೊನಿಕ್ ಆಮ್ಲದ ಇಂಜೆಕ್ಷನ್. ಇದನ್ನು ಓದಿದಾಗ ಕಾಗದ ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ. ಡೆಕ್ಸಾ ಯಂತ್ರಕ್ಕೆ ಗೊತ್ತಾಗುವುದು ಮೂಳೆಯಲ್ಲಿ ಖನಿಜ ಎಷ್ಟಿದೆ ಎಂಬುದಷ್ಟೇ. ಮೂಳೆಯೇ ಸವೆದು ಕಡಿಮೆಯಾಗಿದೆಯೋ, ಮೂಳೆಯ ಹಂದರ ಇದ್ದೂ ಅದಕ್ಕೆ ಖನಿಜ ಕೂಡಿಲ್ಲವೋ ಎಂಬುದನ್ನು ಅದು ಹೇಳಲಾರದು. ಮೊದಲನೆಯದು ಆಸ್ಟಿಯೋಪೊರೋಸಿಸ್, ಎರಡನೆಯದು ಆಸ್ಟಿಯೋಮಲೇಸಿಯಾ, ಮೂಳೆ ಮೆತ್ತಗಾಗುವ ರೋಗ. ಮನೆ ಕಟ್ಟಿಸಿದವರಿಗೆ ಬೇಗ ಅರ್ಥವಾಗುತ್ತದೆ: ಸೆಂಟ್ರಿಂಗ್ ಹಾಕಿ ಕಂಬಿಯನ್ನೂ ಕಟ್ಟಿ ಆಗಿದೆ, ಕಾಂಕ್ರೀಟು ಮಾತ್ರ ಬಂದಿಲ್ಲ. ಅಂಥ ಛಾವಣಿಯ ಮೇಲೆ ಸಂಸಾರ ನಡೆಸಿದರೆ ಏನಾಗಬೇಕೋ ಅದೇ ಇವರ ಸೊಂಟಕ್ಕೆ ಆಗುತ್ತಿತ್ತು. ಮೂಳೆಯಿಂದ ಖನಿಜ ಹೊರಬರುವುದನ್ನು ತಡೆಯುವ ಆ ಇಂಜೆಕ್ಷನ್ ಇಂಥವರಿಗೆ ಕೊಡುವ ಔಷಧವಲ್ಲ. ಕೊಟ್ಟರೆ ರಕ್ತದ ಕ್ಯಾಲ್ಸಿಯಂ, ಫಾಸ್ಫೇಟುಗಳು ಇನ್ನೂ ಇಳಿಯಬಹುದು.

ಬೋನ್ ಸ್ಕ್ಯಾನ್ ಕೂಡ ಆಗಿತ್ತು. ಪಕ್ಕೆಲುಬುಗಳಲ್ಲಿ, ಕಟಿಭಾಗದಲ್ಲಿ, ತೊಡೆಮೂಳೆಯ ಕುತ್ತಿಗೆಯಲ್ಲಿ ಕಪ್ಪು ಚುಕ್ಕೆಗಳ ಸಾಲು. "ಎಲುಬಿಗೆ ಹರಡಿದ ಕ್ಯಾನ್ಸರ್ ಇರಬಹುದು" ಎಂಬ ಸಾಲು ಆ ಮನೆಯಲ್ಲಿ ಮೂರು ವಾರ ಯಾರಿಗೂ ನಿದ್ದೆ ಕೊಟ್ಟಿರಲಿಲ್ಲ. ಎಂಡೋಸ್ಕೋಪಿ, ಪ್ರಾಸ್ಟೇಟ್ ಪರೀಕ್ಷೆ, ಹೊಟ್ಟೆಯ ಸಿಟಿ ಎಲ್ಲ ಆಗಿ ಕ್ಯಾನ್ಸರ್ ಎಲ್ಲಿಯೂ ಸಿಗದಿದ್ದಾಗ ಕಡೆಗೆ ಬರೆದದ್ದು ಮನಸ್ಸಿನ ಕಾಯಿಲೆಯ ಮಾತ್ರೆ. ಕ್ಯಾನ್ಸರ್ ಇಲ್ಲ ಎಂಬ ಸಮಾಧಾನದಲ್ಲಿ ಅವರು ಅದನ್ನೂ ನುಂಗಿದ್ದರು.

ಆ ಕಾಗದಗಳ ನಡುವೆ ನನ್ನದೇ ಕೈಬರಹದ ಒಂದು ಚೀಟಿ ಸಿಕ್ಕಿತು. ಒಂದು ವರ್ಷದ ಹಿಂದಿನದು. ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಮ್ಮೆ 60,000 ಯೂನಿಟ್ ವಿಟಮಿನ್ ಡಿ, ವಿಶ್ರಾಂತಿ. ಆ ದಿನ ಅವರನ್ನು ನೋಡಿದ ನೆನಪೂ ನನಗಿರಲಿಲ್ಲ. ಆದ್ದರಿಂದ ಇತರ ವೈದ್ಯರ ಬಗ್ಗೆ ಮೇಲೆ ಬರೆದದ್ದನ್ನು ಓದುವಾಗ ನನ್ನನ್ನೂ ಆ ಸಾಲಿನಲ್ಲಿ ನಿಲ್ಲಿಸಿಕೊಂಡು ಓದಬೇಕು.

ಎರಡು ಸಂಗತಿಗಳು ಆ ರಾಶಿಯಲ್ಲಿ ಎದ್ದು ಕಂಡವು. ಆಲ್ಕಲೈನ್ ಫಾಸ್ಫಟೇಸ್ ಎಂಬ ಅಂಶ ಐದು ವರದಿಗಳಲ್ಲಿ ದಪ್ಪ ಅಕ್ಷರದಲ್ಲಿತ್ತು: 380, 412, 455, ಹೀಗೆ. ಅದು ಯಕೃತ್ತಿನ ಪರೀಕ್ಷೆಯ ಪಟ್ಟಿಯಲ್ಲಿ ಅಚ್ಚಾಗುತ್ತದೆ. ಯಕೃತ್ತಿನ ಉಳಿದ ಅಂಶಗಳು ಸರಿಯಿದ್ದುದರಿಂದ ಎಲ್ಲರೂ ಮುಂದೆ ಸಾಗಿದ್ದರು. ಅದು ಮೂಳೆಯಿಂದಲೂ ಬರುತ್ತದೆ, ಮೂಳೆ ಕಟ್ಟುವ ಕೋಶಗಳು ವೃಥಾ ದುಡಿಯುತ್ತಿರುವಾಗ ಏರುತ್ತದೆ. ಇನ್ನೊಂದು, ಇಲ್ಲದಿರುವ ಸಂಗತಿ. ಕ್ಯಾಲ್ಸಿಯಂ ನಾಲ್ಕು ಸಲ ನೋಡಿದ್ದಾರೆ, ವಿಟಮಿನ್ ಡಿ ಮೂರು ಸಲ. ಫಾಸ್ಫರಸ್ ಒಮ್ಮೆಯೂ ಇಲ್ಲ. ಶಾಲೆಯ ಪುಸ್ತಕದಲ್ಲಿ ರಂಜಕ ಎಂದು ಓದಿದ್ದ ಅದೇ ವಸ್ತು, ಮೈಯಲ್ಲಿ ಅದು ಇರುವುದು ಫಾಸ್ಫೇಟ್ ರೂಪದಲ್ಲಿ. ಮೂಳೆಯ ಖನಿಜವೆಂದರೆ ಕ್ಯಾಲ್ಸಿಯಮ್ಮೂ ಫಾಸ್ಫೇಟೂ ಕೂಡಿದ ಹರಳು. ಆದರೆ ಜಾಹೀರಾತಿನಲ್ಲಿ ಬರುವುದು ಕ್ಯಾಲ್ಸಿಯಂ ಒಂದೇ. ಸಾಮಾನ್ಯ ಕಿಡ್ನಿ ಪರೀಕ್ಷೆಯ ಪ್ಯಾಕೇಜಿನಲ್ಲಿ ಫಾಸ್ಫರಸ್ ಹಲವು ಕಡೆ ಇರುವುದಿಲ್ಲ, ಬೇರೆಯಾಗಿ ಬರೆಯಬೇಕು. ನಾವು ಬರೆಯುವುದಿಲ್ಲ. ನಮ್ಮ ಊರಿನ ಲ್ಯಾಬಿನವರು ಅದರ ರೀಏಜೆಂಟ್ ಇಡುವುದನ್ನೇ ಬಿಟ್ಟಿದ್ದರು, ಕೇಳುವವರಿಲ್ಲದೆ ಅವಧಿ ಮೀರಿ ಹೋಗುತ್ತದೆಂದು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ, ಅದೇ ಹೊತ್ತಿನ ಮೂತ್ರ ತೆಗೆದು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಕಳುಹಿಸಿದೆವು. ಸಂಜೆ ಮೊಬೈಲಿಗೆ ಬಂದ ವರದಿ: ಫಾಸ್ಫರಸ್ 1.3. ದೊಡ್ಡವರಲ್ಲಿ ಅದು ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇರಬೇಕು. ಕ್ಯಾಲ್ಸಿಯಂ 9.1, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ 0.7, ಎರಡೂ ಚೆನ್ನಾಗಿವೆ.

ಕೊನೆಗಾರರ ತೊಡೆ ಸೋತದ್ದಕ್ಕೂ ಇದೇ ಉತ್ತರ. ಸ್ನಾಯುಗಳ ಇಂಧನವಾದ ಎಟಿಪಿಯ (ಅಡೆನೋಸಿನ್ ಟ್ರೈಫಾಸ್ಫೇಟ್) ಹೆಸರಿನಲ್ಲೇ ಮೂರು ಫಾಸ್ಫೇಟುಗಳಿವೆ. ಮೂಳೆಗೆ ಗಾರೆ ಇಲ್ಲ, ಸ್ನಾಯುವಿಗೆ ಎಣ್ಣೆ ಇಲ್ಲ.

ಈಗಿನ ಪ್ರಶ್ನೆ: ಫಾಸ್ಫೇಟ್ ಒಳಗೆ ಬರುತ್ತಿಲ್ಲವೋ, ಬಂದದ್ದು ಸೋರಿ ಹೋಗುತ್ತಿದೆಯೋ? ಅನ್ನ, ಬೇಳೆ, ಮೀನು ತಿನ್ನುವವರಿಗೆ ಅದರ ಕೊರತೆ ಸುಲಭವಾಗಿ ಬರುವುದಿಲ್ಲ. ಒಂದು ವೇಳೆ ಬಂದರೂ, ರಕ್ತದಲ್ಲಿ ಕಡಿಮೆಯಾದ ಕೂಡಲೇ ಮೂತ್ರಪಿಂಡ ಜುಗ್ಗನಾಗುತ್ತದೆ, ಸೋಸಿದ್ದನ್ನೆಲ್ಲ ಮರಳಿ ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ಲೆಕ್ಕ ಹಾಕಿ ನೋಡಬಹುದು. ಮೂತ್ರದ ಫಾಸ್ಫೇಟ್ 38, ಮೂತ್ರದ ಕ್ರಿಯಾಟಿನಿನ್ 62. 38ನ್ನು 0.7ರಿಂದ ಗುಣಿಸಿ, ಅದನ್ನು 1.3 ಮತ್ತು 62ರ ಗುಣಲಬ್ಧದಿಂದ ಭಾಗಿಸಿದರೆ 0.33. ಅಂದರೆ ಸೋಸಿದ ಫಾಸ್ಫೇಟಿನಲ್ಲಿ ನೂರಕ್ಕೆ 33 ಪಾಲು ಮೂತ್ರದಲ್ಲಿ ಹೊರಟುಹೋಗುತ್ತಿದೆ. ಬರಗಾಲದಲ್ಲಿ ಕಣಜದ ಬಾಗಿಲು ತೆರೆದಿಟ್ಟ ಹಾಗೆ. ಔಷಧಚೀಟಿಯ ಹಿಂಬದಿಯಲ್ಲಿ ಈ ಭಾಗಾಕಾರ ಮಾಡುವಾಗ ಕೊನೆಗಾರರು ಬಗ್ಗಿ ನೋಡುತ್ತಿದ್ದರು. "ಲೆಕ್ಕದಲ್ಲಿ ಸಿಕ್ಕಿತಾ ಡಾಕ್ಟರೇ?" ಎಂದರು. ಅರ್ಧ ಸಿಕ್ಕಿತ್ತು.

ಮೂತ್ರಪಿಂಡದ ಬಾಗಿಲನ್ನು ತೆರೆದಿಟ್ಟವರು ಯಾರು? ಹುಟ್ಟಿನಿಂದ ಬರುವ ಸೋರಿಕೆಯ ರೋಗಗಳಿವೆ, ಆದರೆ ಬಾಲ್ಯದಲ್ಲಿ ಕಾಲು ಬಾಗದೆ ನಲವತ್ತರವರೆಗೆ ಮರ ಹತ್ತಿದವರಿಗೆ, ಮನೆಯಲ್ಲಿ ಬೇರೆ ಯಾರಿಗೂ ಇಂಥದ್ದು ಇಲ್ಲದವರಿಗೆ ಅದು ಹೊಂದುವುದಿಲ್ಲ. ಎಚ್‌ಐವಿಗೆ ಕೊಡುವ ಟೆನೊಫೊವಿರ್ ಮಾತ್ರೆ ಮೂತ್ರಪಿಂಡದ ನಾಳಗಳನ್ನು ಕೆಡಿಸಿ ಹೀಗೆ ಮಾಡಬಲ್ಲದು. ಇವರು ಅದನ್ನು ತೆಗೆದುಕೊಂಡಿಲ್ಲ. ಮೂತ್ರದಲ್ಲಿ ಸಕ್ಕರೆ ಇಲ್ಲ, ರಕ್ತದ ಬೈಕಾರ್ಬನೇಟ್ ಸರಿಯಿದೆ, ಅಂದರೆ ಆ ನಾಳಗಳು ಕೆಟ್ಟಿಲ್ಲ. ಈಗ ರಕ್ತಹೀನತೆಗೆ ಧಾರಾಳವಾಗಿ ಏರಿಸುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಇಂಜೆಕ್ಷನ್ ಕೂಡ ಫಾಸ್ಫೇಟ್ ಸೋರಿಸುತ್ತದೆ, ಅದನ್ನೂ ಕೇಳಿದೆ. ಇಲ್ಲ. ಕುಡಿಯುವುದು ತೋಟದ ಮೇಲಿನ ಒರತೆಯ ನೀರು. ಪಾವಗಡ, ಕೋಲಾರದ ಕಡೆಯ, ಮೂಳೆ ಕೆಡಿಸುವ ಫ್ಲೋರೈಡಿನ ಕೊಳವೆಬಾವಿಯದ್ದಲ್ಲ. ಉಳಿದದ್ದು ಒಂದು. ಮೈಯಲ್ಲಿ ಎಲ್ಲೋ ಒಂದು ಗಡ್ಡೆ ಕುಳಿತು ಹಾರ್ಮೋನು ಸುರಿಸುತ್ತಿದೆ.

ಆ ಹಾರ್ಮೋನಿನ ಹೆಸರು ಎಫ್‌ಜಿಎಫ್23. ಎಲ್ಲರ ಮೂಳೆಗಳಲ್ಲೂ ಅದು ಹುಟ್ಟುತ್ತದೆ, ಫಾಸ್ಫೇಟ್ ಹೆಚ್ಚಾದಾಗ ಹೊರಹಾಕು ಎಂದು ಮೂತ್ರಪಿಂಡಕ್ಕೆ ಹೇಳುವುದು ಅದರ ಕೆಲಸ. ಜೊತೆಗೆ ವಿಟಮಿನ್ ಡಿಯನ್ನು ಕೊನೆಯ, ಕೆಲಸಕ್ಕೆ ಬರುವ ರೂಪಕ್ಕೆ ಬದಲಿಸುವ ಕಿಣ್ವವನ್ನೂ ತಗ್ಗಿಸುತ್ತದೆ. ಇವರಿಗೆ ಅಷ್ಟೊಂದು 60,000 ಯೂನಿಟ್‌ಗಳ ಪುಡಿ ಕುಡಿಸಿದರೂ ಏನೂ ಆಗದಿದ್ದುದಕ್ಕೆ ಕಾರಣ ಇದೇ. ಅಂಗಡಿಯ ವಿಟಮಿನ್ ಡಿ ರಕ್ತದಲ್ಲಿ 34 ಇತ್ತು, ತುಂಬು ಮಟ್ಟ. ಕೊನೆಯ ರೂಪ ಮಾತ್ರ ಪಾತಾಳದಲ್ಲಿತ್ತು. ಎಫ್‌ಜಿಎಫ್23 ಪರೀಕ್ಷೆಯನ್ನೂ ಮಾಡಿಸಿದೆವು. ಫಾಸ್ಫೇಟ್ ಇಷ್ಟು ಇಳಿದಾಗ ಅದು ಬಾಲ ಮುದುರಿರಬೇಕಿತ್ತು; ಮಾಮೂಲಿ ಮಟ್ಟದ ಹಲವು ಪಟ್ಟು ಇತ್ತು.

ಈ ಕಥೆ ವೈದ್ಯಶಾಸ್ತ್ರಕ್ಕೆ ಅರ್ಥವಾಗಲು ಐವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. 1947ರಲ್ಲಿ ಕೇಂಬ್ರಿಜ್‌ನ ರಾಬರ್ಟ್ ಮೆಕ್‌ಕಾನ್ಸ್ ಇಂಥ ಒಬ್ಬ ರೋಗಿಯನ್ನು ವರ್ಣಿಸಿದರು. ಹದಿನೈದರ ಸುಮಾರಿಗೆ ಶುರುವಾದ ನೋವು, ಇಳಿದ ಫಾಸ್ಫೇಟ್, ಭಾರಿ ಪ್ರಮಾಣದಲ್ಲಿ ಕೊಟ್ಟ ವಿಟಮಿನ್ ಡಿ. ತೊಡೆಮೂಳೆಯ ಗಡ್ಡೆ ತೆಗೆದ ಮೇಲೆ ಗುಣ. ಆದರೆ ಅವರು ಅದನ್ನು ವಿಟಮಿನ್ ಡಿಗೆ ಮೈ ಒಗ್ಗದಿರುವ ಸ್ಥಿತಿ ಎಂದೇ ಬಗೆದರು. ಗಡ್ಡೆಯೇ ಕಳ್ಳ ಎಂದದ್ದು 1959ರಲ್ಲಿ, ಜ್ಯೂರಿಕ್‌ನ ಮಕ್ಕಳ ವೈದ್ಯ ಆಂದ್ರಿಯಾ ಪ್ರಾಡರ್. ಹನ್ನೊಂದು ದಾಟಿದ ಹುಡುಗಿ, ಪಕ್ಕೆಲುಬಿನಲ್ಲೊಂದು ಗಡ್ಡೆ. ತೆಗೆದರು, ರಿಕೆಟ್ಸ್ (ಮಕ್ಕಳಲ್ಲಿ ಮೂಳೆ ಮೆತ್ತಗಾಗುವ ರೋಗ) ಮಾಯವಾಯಿತು. ಪ್ರಾಡರ್ ಹೆಸರನ್ನು ನಾವೆಲ್ಲ ಕಾಲೇಜಿನಲ್ಲಿ ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂದು ಉರುಹೊಡೆದದ್ದು, ಇದಕ್ಕಾಗಿ ಅಲ್ಲ. ಗಡ್ಡೆ ಸುರಿಸುವ ವಸ್ತು ಎಫ್‌ಜಿಎಫ್23 ಎಂದು ಜಪಾನಿನ ಸಂಶೋಧಕರು ತೋರಿಸಿದ್ದು 2001ರಲ್ಲಿ.

ಈಗ ಹುಡುಕುವ ಕೆಲಸ. ಈ ಗಡ್ಡೆಗಳು ಸಾಮಾನ್ಯವಾಗಿ ಚಿಕ್ಕವು, ನಿಧಾನವಾಗಿ ಬೆಳೆಯುವವು, ಬಹುಪಾಲು ಕ್ಯಾನ್ಸರ್ ಅಲ್ಲದವು. ಮೂಳೆಯೊಳಗೆ, ಮಾಂಸದಲ್ಲಿ, ಮೂಗಿನ ಹಿಂದಿನ ಸೈನಸ್ಸಿನಲ್ಲಿ, ದವಡೆಯಲ್ಲಿ, ಎಲ್ಲಿ ಬೇಕಾದರೂ ಅಡಗಿರುತ್ತವೆ. ಅವರನ್ನು ಮಲಗಿಸಿ ಬಾಯಿ, ಕುತ್ತಿಗೆ, ಕಂಕುಳು, ತೊಡೆಸಂದು ಮುಟ್ಟಿ ನೋಡಿದೆ. "ಮೈಮೇಲೆ ಎಲ್ಲಾದರೂ ಗಂಟು ಇದೆಯೇ?" ಎಂದು ಎರಡೆರಡು ಸಲ ಕೇಳಿದೆ. "ಇಲ್ಲ" ಎಂದರು. ನಗರದ ದೊಡ್ಡ ಆಸ್ಪತ್ರೆಗೆ ಗ್ಯಾಲಿಯಂ-68 ಡೋಟಾ ಪೆಟ್ ಸ್ಕ್ಯಾನಿಗೆ ಬರೆದುಕೊಟ್ಟೆ. ಈ ಗಡ್ಡೆಗಳ ಮೈಮೇಲೆ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ಕೂರುವ ಗೂಡುಗಳಿರುತ್ತವೆ. ಆ ಗೂಡಿಗೆ ಅಂಟುವ ವಿಕಿರಣದ ವಸ್ತುವನ್ನು ರಕ್ತಕ್ಕೆ ಬಿಟ್ಟರೆ ಗಡ್ಡೆ ಇರುವ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಹೋಗಿ ಬರುವುದಕ್ಕೆ, ಸ್ಕ್ಯಾನಿಗೆ, ತಂಗುವುದಕ್ಕೆ ಹೆಂಡತಿ ಬಳೆ ಅಡವಿಟ್ಟರು. ವರದಿ ಬಂತು: ಎಲ್ಲಿಯೂ ಏನೂ ಇಲ್ಲ.

ಆ ವರದಿಯನ್ನು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ನಾಲ್ಕನೆಯ ದಿನ ಮೊದಲ ಸಾಲನ್ನು ಓದಿದೆ. ಎಲ್ಲರೂ ಹಾರಿಸುವ ಸಾಲು, ಸ್ಕ್ಯಾನ್ ಹೇಗೆ ಮಾಡಿದೆವು ಎಂಬುದು. ತಲೆಬುರುಡೆಯ ತಳದಿಂದ ತೊಡೆಯ ಮಧ್ಯದವರೆಗೆ. ಕ್ಯಾನ್ಸರಿಗೆ ಮಾಡುವ ಪೆಟ್ ಸ್ಕ್ಯಾನಿನ ವಾಡಿಕೆಯ ಅಳತೆ ಅದು. ಈ ರೋಗಕ್ಕೆ ನೆತ್ತಿಯಿಂದ ಕಾಲ್ಬೆರಳ ತುದಿಯವರೆಗೆ, ಕೈಗಳನ್ನೂ ಸೇರಿಸಿ ಮಾಡಬೇಕು, ಹಾಗೆಂದು ಕೋರಿಕೆಯ ಚೀಟಿಯಲ್ಲಿ ಬರೆಯಬೇಕಾದವನು ನಾನು. ಬರೆದಿರಲಿಲ್ಲ.

ಅವರನ್ನು ಮತ್ತೆ ಕರೆಸಿ ಈ ಸಲ ಚಪ್ಪಲಿ ಬಿಚ್ಚಿಸಿದೆ. ಎಡಗಾಲಿನ ಅಂಗಾಲಿನ ಕುಳಿಯಲ್ಲಿ, ಹೆಬ್ಬೆರಳ ಬುಡದಿಂದ ಸ್ವಲ್ಪ ಹಿಂದೆ, ಗೇರುಬೀಜದಷ್ಟು ದೊಡ್ಡ ಉಬ್ಬು. ಅದರ ಮೇಲಿನ ಚರ್ಮ ಕಪ್ಪಾಗಿ ಸುಟ್ಟಂತಿತ್ತು. "ಇದೇನು?" ಎಂದೆ. "ಅದು ಆಣಿ" ಎಂದರು. ನಾಲ್ಕೈದು ವರ್ಷದಿಂದ ಇದೆಯಂತೆ, ಗೇರೆಣ್ಣೆ ಹಚ್ಚಿ ಹಚ್ಚಿ ಚರ್ಮ ಕಪ್ಪಾಗಿತ್ತು. "ಗಂಟು ಇದೆಯೇ ಎಂದು ಕೇಳಿದ್ದೆನಲ್ಲ?" "ಇದು ಗಂಟಲ್ಲವಲ್ಲ ಡಾಕ್ಟರೇ, ಆಣಿ."

ಅವರು ಸುಳ್ಳು ಹೇಳಿರಲಿಲ್ಲ. ನಾನು ಗಂಟು ಕೇಳಿದ್ದೆ, ಅವರ ಬಳಿ ಇದ್ದದ್ದು ಆಣಿ. ಸಾಮಾನ್ಯವಾಗಿ ಅಂಗಾಲಿನ ಕುಳಿ ನೆಲಕ್ಕೆ ತಾಗುವುದಿಲ್ಲ, ಅಲ್ಲಿ ಆಣಿ ಏಳುವುದಿಲ್ಲ. ಆದರೆ ಮರ ಹತ್ತುವವರು ಕಾಂಡವನ್ನು ಅಪ್ಪಿ ಹಿಡಿಯುವುದು ಆ ಕುಳಿಯಿಂದಲೇ. ಹಾಗಾಗಿ ಆಣಿ ಎಂದುಕೊಂಡದ್ದು ಅವರ ಕಸುಬಿನ ಮಟ್ಟಿಗೆ ನ್ಯಾಯವಾದ ತೀರ್ಮಾನವೇ. ಬೆರಳಿಟ್ಟು ನೋಡಿದಾಗ ವ್ಯತ್ಯಾಸ ತಿಳಿಯಿತು. ಆಣಿ ಚರ್ಮದಲ್ಲೇ ಇರುತ್ತದೆ, ಒತ್ತಿದರೆ ಪ್ರಾಣ ಹೋಗುವಷ್ಟು ನೋವು. ಇದರ ಮೇಲೆ ಚರ್ಮ ತುಸು ಜಾರುತ್ತಿತ್ತು. ಒಳಗೆ ಗಟ್ಟಿ ರಬ್ಬರಿನ ಚೆಂಡಿನಂಥದ್ದು, ಒತ್ತಿದರೂ ಅವರು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು.

ಎರಡನೆಯ ಸ್ಕ್ಯಾನಿನಲ್ಲಿ ಇಡೀ ಮೈ ಮಸುಕಾಗಿದ್ದು, ಎಡ ಅಂಗಾಲಿನಲ್ಲಿ ಒಂದೇ ಒಂದು ಕಿಡಿ ಇತ್ತು. ಎರಡನೆಯ ಸಲದ ಖರ್ಚಿನ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಅದರ ಒಂದು ಪಾಲನ್ನು ನಾನು ಕೊಟ್ಟೆ.

ಶಸ್ತ್ರಚಿಕಿತ್ಸೆಯ ದಿನ ಸಿಗುವವರೆಗೆ ಐದು ವಾರ ಫಾಸ್ಫೇಟ್ ಪುಡಿ ಮತ್ತು ವಿಟಮಿನ್ ಡಿಯ ಆ ಕೊನೆಯ ರೂಪವಾದ ಕ್ಯಾಲ್ಸಿಟ್ರಯಾಲ್ ಕೊಟ್ಟೆವು. ಪುಡಿಯನ್ನು ನೀರಿನಲ್ಲಿ ಕದಡಿ ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಕುಡಿಯಬೇಕು, ಏಕೆಂದರೆ ಕುಡಿದದ್ದು ಕೆಲವೇ ಗಂಟೆಗಳಲ್ಲಿ ಮೂತ್ರಕ್ಕೆ ಹೋಗುತ್ತದೆ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ಕುಡಿದರೆ ಎರಡೂ ಕರುಳಿನಲ್ಲೇ ಕಚ್ಚಿಕೊಂಡು ವ್ಯರ್ಥ. ಭೇದಿ ಬೇರೆ. ಗಡ್ಡೆ ಸಿಗದವರು ಇದನ್ನೇ ವರ್ಷಗಟ್ಟಲೆ ಕುಡಿಯಬೇಕಾಗುತ್ತದೆ. ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುವ, ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳುವ ಭಯದೊಂದಿಗೆ. ಎಫ್‌ಜಿಎಫ್23ನ್ನೇ ಹಿಡಿದು ಕಟ್ಟುವ ಬುರೊಸುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಈ ರೋಗಕ್ಕಾಗಿ 2020ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ಬೆಲೆಯನ್ನು ಅವರ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ.

ಗಡ್ಡೆಯನ್ನು ಸುತ್ತಲಿನ ಆರೋಗ್ಯಕರ ಅಂಚಿನ ಸಮೇತ ತೆಗೆದರು. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ, ಆದ್ದರಿಂದ ಕೆರೆದು ತೆಗೆಯುವುದಲ್ಲ, ಅಗೆದು ತೆಗೆಯುವುದು. ಎರಡು ಸೆಂಟಿಮೀಟರ್. ಸೂಕ್ಷ್ಮದರ್ಶಕದಲ್ಲಿ ಕದಿರಿನಾಕಾರದ ಕೋಶಗಳು, ಅವುಗಳ ನಡುವೆ ರಕ್ತನಾಳಗಳು, ಕೊಳೆ ಮೆತ್ತಿದಂಥ ಸುಣ್ಣದ ಚುಕ್ಕೆಗಳು. ಫಾಸ್ಫೇಟ್ ಸೋರಿಸುವ ಮೀಸೆಂಕೈಮಲ್ ಗಡ್ಡೆ ಎಂದು ವರದಿ.

ರಕ್ತದಲ್ಲಿ ಎಫ್‌ಜಿಎಫ್23 ಒಂದು ಗಂಟೆಯಷ್ಟರಲ್ಲೇ ಅರ್ಧಕ್ಕೆ ಇಳಿಯುವ ಹಾರ್ಮೋನು. ಕಾರ್ಖಾನೆ ಮುಚ್ಚಿದರೆ ಗೊತ್ತಾಗಲು ಹೆಚ್ಚು ಹೊತ್ತು ಬೇಡ. ಮೂರನೆಯ ದಿನ, ಪುಡಿ ನಿಲ್ಲಿಸಿದ ಮೇಲೂ, ಫಾಸ್ಫರಸ್ 2.2. ಆರನೆಯ ದಿನ 3.1. ಆ ಅಂಕಿ ನೋಡಿ ನಾನು ಕುಣಿದಾಡಿದೆ. ಅವರಿಗೆ ಕಾಲಿನ ಹೊಲಿಗೆಯ ನೋವೇ ದೊಡ್ಡದಾಗಿತ್ತು. ಎರಡನೆಯ ವಾರ ಹೆಂಡತಿ ಫೋನು ಮಾಡಿ, ರಾತ್ರಿ ಮಗ್ಗುಲು ಬದಲಿಸುವಾಗ ಇವರು ಕಿರುಚುವುದು ನಿಂತಿದೆ ಎಂದರು. ತೊಡೆಗೆ ಬಲ ಬರಲು ಮೂರು ತಿಂಗಳು ಹಿಡಿಯಿತು. ನಡುವೆ ಆಲ್ಕಲೈನ್ ಫಾಸ್ಫಟೇಸ್ ಇಳಿಯುವ ಬದಲು ಇನ್ನಷ್ಟು ಏರಿತು. ಬೇರೊಬ್ಬ ವೈದ್ಯರು ಗಾಬರಿಯಾಗಿ ನನಗೆ ಕರೆ ಮಾಡಿದರು; ಹಸಿದ ಮೂಳೆ ಉಣ್ಣಲು ಕುಳಿತಿದೆ, ಏರಲಿ ಬಿಡಿ ಎಂದೆ. ಒಂದು ವರ್ಷದ ಹೊತ್ತಿಗೆ ಎಕ್ಸ್‌ರೇಯಲ್ಲಿ, ಬೋನ್ ಸ್ಕ್ಯಾನಿನಲ್ಲಿ ಕಪ್ಪು ಚುಕ್ಕೆಗಳಾಗಿ ಕಂಡಿದ್ದ ತೊಡೆಮೂಳೆಯ ಕುತ್ತಿಗೆಯ ಬಿರುಕುಗಳು ತುಂಬಿಕೊಂಡಿದ್ದವು. ಕುಗ್ಗಿದ ಎತ್ತರ ಬರಲಿಲ್ಲ. ಪ್ಯಾಂಟುಗಳನ್ನು ದರ್ಜಿಗೆ ಕೊಟ್ಟು ಕತ್ತರಿಸಿಕೊಂಡರು.

ಮರ ಹತ್ತುವುದನ್ನು ಮನೆಯವರು ಬಿಡಿಸಿದರು. ಈಗ ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆಯಲ್ಲ, ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಾರೆ. ತಲೆ ಎತ್ತಿ ಎತ್ತಿ ಕುತ್ತಿಗೆ ನೋಯುತ್ತದೆ ಎಂದು ಕಳೆದ ಸಲ ದೂರಿದರು. ಕೂಡಲೇ ಫಾಸ್ಫರಸ್ ನೋಡಿದೆ, 3.4, ನಿಜವಾಗಿಯೂ ಕುತ್ತಿಗೆ ನೋವೇ ಆಗಿತ್ತು. ಗಡ್ಡೆ ಮರಳಬಹುದಾದ್ದರಿಂದ ಆರು ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ. ಬಂದವರು ಕುರ್ಚಿಯಲ್ಲಿ ಕುಳಿತು, ನಾನು ಕೇಳುವ ಮೊದಲೇ ಎಡಗಾಲಿನ ಚಪ್ಪಲಿ ಕಳಚಿ, ಅಂಗಾಲನ್ನು ಸ್ಟೂಲಿನ ಮೇಲೆ ಇಟ್ಟುಬಿಡುತ್ತಾರೆ.